ರೇಸ್‌ನಲ್ಲಿ ನೆಚ್ಚಿನ ರೈಡರ್ ತೀರಿಕೊಂಡಾಗ ಅಭಿಮಾನಿಗಳು ಏನು ಮಾಡಬೇಕು

ಮೋಟಾರ್‌ಸೈಕಲ್ ರೇಸ್ ನೋಡುವ ಅಭ್ಯಾಸ ಇರುವವರಿಗೆ ಇದು ಒಂದಲ್ಲ ಒಂದು ದಿನ ಎದುರಾಗುತ್ತದೆ. ರೇಸ್ ನಿಲ್ಲಿಸುವ ಕೆಂಪು ಬಾವುಟ ಬರುತ್ತದೆ, ಕ್ಯಾಮೆರಾ ರೈಡರ್ ಬಿದ್ದ ಜಾಗ ಬಿಟ್ಟು ತಂಡಗಳಿರುವ ಪಿಟ್ ಕಡೆ ತಿರುಗುತ್ತದೆ, ಇಷ್ಟೊತ್ತು ಒಂದೇ ಸಮ ಮಾತಾಡುತ್ತಿದ್ದ ಕಾಮೆಂಟೇಟರ್‌ಗಳು ತಡವರಿಸತೊಡಗುತ್ತಾರೆ. ನಮ್ಮ ಕೈ ತಾನಾಗಿ ಫೋನ್ ಕಡೆ ಹೋಗುತ್ತದೆ. ಆ ಹೊತ್ತಿನಿಂದ ಹಿಡಿದು ಮುಂದಿನ ಕೆಲವು ವಾರ ಏನು ಮಾಡಬಹುದು, ಏನು ಮಾಡಬಾರದು ಅಂತ ಇಲ್ಲಿ ಬರೆದಿದ್ದೇನೆ. ಅಂಥ ದಿನವೇ ನೀವು ಇದನ್ನು ಓದುತ್ತಿದ್ದರೆ ಮೊದಲ ಎರಡು ಭಾಗ ಸಾಕು, ಉಳಿದದ್ದನ್ನು ಆಮೇಲೆ ಓದಿ.

ನಾನು ಹೇಳಬೇಕೆಂದಿರುವುದು ಇಷ್ಟೇ. ಈ ದುಃಖಕ್ಕೆ ಒಂದು ಸರದಿ ಇದೆ. ಮೊದಲು ಮನೆಯವರು, ಆಮೇಲೆ ತಂಡದವರು ಮತ್ತು ಜೊತೆಗೆ ಬೈಕ್ ಓಡಿಸುತ್ತಿದ್ದವರು, ಅದಾದ ಮೇಲೆ ನಾವು. ನಮ್ಮ ದುಃಖವೂ ನಿಜವಾದದ್ದೇ, ಅದನ್ನು ಯಾರ ಮುಂದೆಯೂ ಮುಚ್ಚಿಡಬೇಕಾಗಿಲ್ಲ. ಆದರೆ ಸರದಿ ತಪ್ಪಿಸಿ ಮುಂದೆ ನುಗ್ಗಿದರೆ ಮೊದಲು ನಿಂತಿರುವವರಿಗೆ ಏಟು ಬೀಳುತ್ತದೆ.

ಕೆಂಪು ಬಾವುಟ ಬಂದ ಮೇಲೆ

ಮೊದಲನೆಯದಾಗಿ, ಕೆಂಪು ಬಾವುಟ ಅಂದರೆ ಸಾವು ಅಂತ ಅರ್ಥವಲ್ಲ. 2023ರ ಸೆಪ್ಟೆಂಬರ್‌ನಲ್ಲಿ ಬಾರ್ಸಿಲೋನಾದಲ್ಲಿ ಫ್ರಾನ್ಸೆಸ್ಕೊ ಬನ್ಯಾಯಾ ಮೊದಲ ಲ್ಯಾಪ್‌ನಲ್ಲೇ ಟ್ರ್ಯಾಕ್ ಮಧ್ಯದಲ್ಲಿ ಬಿದ್ದರು. ಹಿಂದಿದ್ದ ಬ್ರಾಡ್ ಬೈಂಡರ್ ಅವರ ಬೈಕ್ ಬನ್ಯಾಯಾ ಕಾಲಿನ ಮೇಲೆಯೇ ಹಾದುಹೋಯಿತು. ಅದನ್ನು ನೋಡಿದ ಎಷ್ಟೋ ಜನ ಅಷ್ಟೊತ್ತಿಗೇ ಕೆಟ್ಟದ್ದನ್ನು ಊಹಿಸಿಬಿಟ್ಟಿದ್ದರು. ಮುಂದಿನ ಭಾನುವಾರ ಮಿಸಾನೊದಲ್ಲಿ ಅದೇ ಬನ್ಯಾಯಾ ಮೂರನೇ ಸ್ಥಾನ ಪಡೆದು ಪೋಡಿಯಂ ಮೇಲೆ ನಿಂತಿದ್ದರು. ರೈಡರ್ ಅಲುಗಾಡದೆ ಮಲಗಿದ್ದಾರೆ, ಸುತ್ತ ಪರದೆ ಹಿಡಿದಿದ್ದಾರೆ, ಹೆಲಿಕಾಪ್ಟರ್ ಬಂತು, ಟಿವಿಯಲ್ಲಿ ಮತ್ತೆ ತೋರಿಸುತ್ತಿಲ್ಲ ಅಂತೆಲ್ಲ ಸೇರಿಸಿ ಲೆಕ್ಕ ಹಾಕಲು ಹೋಗಬೇಡಿ. ರೈಡರ್ ಸ್ಥಿತಿ ಗೊತ್ತಾಗುವವರೆಗೆ ಬಿದ್ದ ದೃಶ್ಯವನ್ನು ಮತ್ತೆ ತೋರಿಸದಿರುವುದು ಈಗ ಬಹುತೇಕ ರೂಢಿ. ಬದುಕುಳಿದ ಎಷ್ಟೋ ಅಪಘಾತಗಳಲ್ಲೂ ಹಾಗೇ ಮಾಡಿದ್ದಾರೆ.

ಎರಡನೆಯದು ಕಾಯುವುದು. ಎಷ್ಟು ಹೊತ್ತು ಅಂತ ಯಾರೂ ಹೇಳಲಾರರು. ಮಾರ್ಕೊ ಸಿಮೊಂಚೆಲ್ಲಿ 2011ರ ಅಕ್ಟೋಬರ್ 23ರಂದು ಸೆಪಾಂಗ್‌ನಲ್ಲಿ ಬಿದ್ದಾಗ ಒಂದು ಗಂಟೆಯೊಳಗೇ ಎಲ್ಲ ಮುಗಿದಿತ್ತು. ಜೇಸನ್ ಡುಪಾಸ್ಕಿಯೆ 2021ರಲ್ಲಿ ಮುಜೆಲ್ಲೊದಲ್ಲಿ ಶನಿವಾರ ಬಿದ್ದರು, ಸುದ್ದಿ ಬಂದದ್ದು ಭಾನುವಾರ. ದೈಜಿರೊ ಕಾಟೊ 2003ರ ಏಪ್ರಿಲ್ 6ರಂದು ಸುಜುಕಾದಲ್ಲಿ ಬಿದ್ದು, ಆಸ್ಪತ್ರೆಯಲ್ಲಿ ಎರಡು ವಾರ ಇದ್ದು, 20ರಂದು ಹೋದರು. ಈ ನಡುವಿನ ಹೊತ್ತು ಸುಮ್ನೆ ಕಾಯಲು ಆಗದವರೆಲ್ಲ ಊಹೆ ಬರೆಯಲು ಶುರುಮಾಡುತ್ತಾರೆ. ಅಧಿಕೃತ ಪ್ರಕಟಣೆ ತಡವಾಗುವುದಕ್ಕೆ ಸಾಮಾನ್ಯವಾಗಿ ಒಂದೇ ಕಾರಣ: ಮನೆಯವರಿಗೆ ಇನ್ನೂ ಹೇಳಿಲ್ಲ, ಅಥವಾ ಈಗಷ್ಟೇ ಹೇಳುತ್ತಿದ್ದಾರೆ. ನೀವು ಬರೆಯುವ ಒಂದು ಸಾಲು ಇನ್ನೊಂದು ದೇಶದಲ್ಲಿ ರೇಸ್ ನೋಡುತ್ತಾ ಕೂತಿರುವ ತಂಗಿಗೋ, ಅಜ್ಜಿಗೋ ಮೊದಲ ಸುದ್ದಿಯಾಗಿ ತಲುಪಬಹುದು ಅಲ್ವಾ?

ಆಯೋಜಕರ ಮೊದಲ ಮಾತೂ ತಪ್ಪಿರಬಹುದು. ಐಲ್ ಆಫ್ ಮ್ಯಾನ್ ಟಿಟಿ ಅಂದರೆ ಆ ದ್ವೀಪದ ಸಾರ್ವಜನಿಕ ರಸ್ತೆಗಳಲ್ಲೇ ನಡೆಯುವ ರೇಸ್. 2022ರಲ್ಲಿ ಅಲ್ಲಿ ಒಂದು ಸೈಡ್‌ಕಾರ್ (ಇಬ್ಬರು ಸೇರಿ ಓಡಿಸುವ ಮೂರು ಚಕ್ರದ ಬೈಕ್) ಅಪಘಾತವಾಯಿತು. ಅದರಲ್ಲಿದ್ದ ಇಬ್ಬರಲ್ಲಿ ತೀರಿಕೊಂಡವರು ಯಾರು ಅನ್ನುವುದನ್ನೇ ಮೊದಲು ತಪ್ಪಾಗಿ ಪ್ರಕಟಿಸಿ, ಕೆಲವು ದಿನಗಳ ನಂತರ ತಿದ್ದಬೇಕಾಯಿತು. ಆ ಎರಡು ಮನೆಗಳಲ್ಲಿ ಆ ದಿನಗಳು ಹೇಗೆ ಕಳೆದಿರಬಹುದು ಅಂತ ಯೋಚಿಸಿ. ಅಧಿಕೃತ ವ್ಯವಸ್ಥೆಯೇ ಎಡವಬಹುದಾದ ಕಡೆ ನಾವು ಪರದೆ ನೋಡಿ ಏನು ತಿಳಿಯಲು ಸಾಧ್ಯ?

ಹಾಗಾಗಿ ಆ ಹೊತ್ತಿನಲ್ಲಿ ಮಾಡಬೇಕಾದದ್ದು ತೀರಾ ಸರಳ. ಸರಣಿಯ ಅಧಿಕೃತ ಖಾತೆ ಮತ್ತು ಆ ತಂಡದ ಖಾತೆ, ಇವೆರಡನ್ನು ಬಿಟ್ಟು ಬೇರೆ ಯಾವುದನ್ನೂ ತೆರೆಯಬೇಡಿ. ಅರ್ಧ ಗಂಟೆಗೊಮ್ಮೆ ನೋಡಿದರೆ ಸಾಕು, ನಡುವೆ ಫೋನನ್ನು ಪಕ್ಕದ ಕೋಣೆಯಲ್ಲಿ ಇಡಿ. "ಶಾಂತಿ ಸಿಗಲಿ" ಅನ್ನುವ ಮಾತು ಪ್ರಕಟಣೆ ಬರುವವರೆಗೆ ನಿಮ್ಮ ಕೈಯಿಂದ ಬರಬಾರದು. "ಯಾರಿಗಾದರೂ ಏನಾದರೂ ಗೊತ್ತಾ" ಅಂತ ಕೇಳುವುದೂ ಬೇಡ. ಆ ಪ್ರಶ್ನೆಗೆ ಉತ್ತರ ಕೊಡುವವರು ಗೊತ್ತಿಲ್ಲದವರೇ ಆಗಿರುತ್ತಾರೆ. ರೇಸ್ ನೋಡುವ ಗೆಳೆಯರು ಇದ್ದರೆ ಅವರಲ್ಲಿ ಒಬ್ಬರಿಗೆ ಕರೆ ಮಾಡಿ. ಬರೆಯುವುದಕ್ಕಿಂತ ಮಾತಾಡುವುದು ಆಗ ಒಳ್ಳೆಯದು. ಫೋನಿನಲ್ಲಿ ಹೇಳಿದ್ದು ಊರೆಲ್ಲ ಸುತ್ತುವುದಿಲ್ಲ.

ವಿಡಿಯೊ

ನೋಡಬೇಡಿ. ಈಗಾಗಲೇ ನೋಡಿದ್ದರೆ ಇನ್ನೊಮ್ಮೆ ನೋಡಬೇಡಿ. ಯಾರಿಗೂ ಕಳಿಸಬೇಡಿ.

"ಏನಾಯಿತು ಅಂತ ಅರ್ಥ ಮಾಡಿಕೊಳ್ಳಬೇಕು" ಅನ್ನಿಸುತ್ತದೆ. ಅದು ಸಹಜ, ರೇಸ್ ನೋಡಿ ನೋಡಿ ನಮಗೆ ಪ್ರತಿ ಬೀಳುವಿಕೆಯನ್ನೂ ಬಿಡಿಸಿ ನೋಡುವ ಚಟ ಬಂದಿರುತ್ತದೆ. ಮುಂದಿನ ಟೈರ್ ಜಾರಿತೋ, ಹಿಂದಿನದೋ, ಬ್ರೇಕ್ ತಡವಾಯಿತೋ ಅಂತ. ಆದರೆ ನೂರಾರು ಮೀಟರ್ ದೂರದಿಂದ ತೆಗೆದ ಹತ್ತು ಸೆಕೆಂಡಿನ ತುಣುಕಿನಿಂದ ಕಾರಣ ಸಿಗುವುದಿಲ್ಲ. ಅದಕ್ಕೆ ಬೈಕಿನಲ್ಲಿ ದಾಖಲಾದ ವೇಗ, ಬ್ರೇಕ್, ಥ್ರಾಟಲ್ ಮಾಹಿತಿ ಬೇಕು, ಟ್ರ್ಯಾಕ್ ಬದಿಯಲ್ಲಿ ಬಾವುಟ ಹಿಡಿದು ನಿಲ್ಲುವ ಮಾರ್ಷಲ್‌ಗಳ ಹೇಳಿಕೆ ಬೇಕು, ಸಮಯ ಬೇಕು. ನಿಮಗೆ ಸಿಗುವುದು ಚಿತ್ರ ಮಾತ್ರ, ಮತ್ತು ಅದು ರಾತ್ರಿ ಕಣ್ಣು ಮುಚ್ಚಿದಾಗ ತಿರುಗಿ ಬರುತ್ತದೆ.

ಇಂದೇ ಮಾಡಿಡಬಹುದಾದ ಕೆಲಸ ಒಂದಿದೆ. ಫೋನಿನ ಎಲ್ಲ ಆಪ್‌ಗಳಲ್ಲಿ ವಿಡಿಯೊ ತಾನಾಗಿ ಓಡುವ ಸೌಲಭ್ಯವನ್ನು ಆಫ್ ಮಾಡಿ, ವಾಟ್ಸಾಪ್‌ನಲ್ಲಿ ಬಂದ ವಿಡಿಯೊ ತಾನಾಗಿ ಡೌನ್‌ಲೋಡ್ ಆಗುವುದನ್ನೂ ನಿಲ್ಲಿಸಿ. ಅಪಘಾತದ ದಿನ ಆ ರೈಡರ್ ಹೆಸರು, ಸಂಖ್ಯೆ, ಟ್ರ್ಯಾಕ್ ಹೆಸರು ಮ್ಯೂಟ್ ಪಟ್ಟಿಗೆ ಸೇರಿಸಿ. ಯಾರಾದರೂ ತುಣುಕು ಹಾಕಿದರೆ ಅದರ ಕೆಳಗೆ ಜಗಳಕ್ಕೆ ನಿಲ್ಲಬೇಡಿ. ಜಗಳದಿಂದ ಅದು ಇನ್ನೂ ಜಾಸ್ತಿ ಜನರ ಮುಂದೆ ಹೋಗುತ್ತದೆ. ದೂರು ಗುಂಡಿ ಒತ್ತಿ, ಮುಂದೆ ಹೋಗಿ. ಗೆಳೆಯರ ಗುಂಪಿನಲ್ಲಿ ಬಂದರೆ ಕಳಿಸಿದವರಿಗೆ ಪ್ರತ್ಯೇಕವಾಗಿ "ಇದನ್ನು ದಯವಿಟ್ಟು ತೆಗಿ, ನೋಡಲು ಆಗುತ್ತಿಲ್ಲ" ಅಂದರೆ ಸಾಮಾನ್ಯವಾಗಿ ತೆಗೆಯುತ್ತಾರೆ. ಕೆಟ್ಟ ಮನಸ್ಸಿನಿಂದ ಕಳಿಸುವವರು ಕಡಿಮೆ, ಗಾಬರಿಯಿಂದ ಕಳಿಸುವವರೇ ಹೆಚ್ಚು.

ನೇರಪ್ರಸಾರದಲ್ಲೇ ನೋಡಿಬಿಟ್ಟಿದ್ದೀರಾ? ಮೊದಲ ಕೆಲವು ದಿನ ಆ ದೃಶ್ಯ ಕರೆಯದೆ ಬರುವುದು ಎಲ್ಲರಿಗೂ ಆಗುತ್ತದೆ. ಆ ದಿನ ಸಂಜೆ ಕಣ್ಣಿಗೂ ಕೈಗೂ ಒಟ್ಟಿಗೆ ಕೆಲಸ ಕೊಡುವ ಏನನ್ನಾದರೂ ಮಾಡಿ. ಟೆಟ್ರಿಸ್‌ನಂಥ ಆಟ ಆಡುವುದರಿಂದ ಇಂಥ ದೃಶ್ಯಗಳು ಮರುಕಳಿಸುವುದು ಕಡಿಮೆಯಾಗಬಹುದು ಅಂತ ಅಧ್ಯಯನಗಳಲ್ಲಿ ಕಂಡುಬಂದಿದೆ. ಅಡುಗೆ, ತೋಟದ ಕೆಲಸ, ಚಿತ್ರ ಬಿಡಿಸುವುದು ಯಾವುದಾದರೂ ಸರಿ. ಕುಡಿದು ಮಲಗಿದರೆ ಸರಿಹೋಗುತ್ತದೆ ಅಂದುಕೊಳ್ಳಬೇಡಿ, ನಿದ್ದೆ ಇನ್ನಷ್ಟು ಕೆಡುತ್ತದೆ.

ಟ್ರ್ಯಾಕ್ ಪಕ್ಕದಲ್ಲೇ ಇದ್ದವರಿಗೆ ಒಂದು ಮಾತು. ಫೋನ್ ಕೆಳಗಿಳಿಸಿ. ಬೇಲಿಗೆ ಒತ್ತಿಕೊಂಡು ನಿಲ್ಲಬೇಡಿ, ಮಾರ್ಷಲ್‌ಗಳು ಹೇಳಿದ ಕಡೆ ಹೋಗಿ. ನಿಮ್ಮ ಫೋನಿನಲ್ಲಿ ಅಪಘಾತ ಆಗಲೇ ದಾಖಲಾಗಿದ್ದರೆ ಅದನ್ನು ಅಳಿಸಬೇಡಿ, ಯಾರಿಗೂ ತೋರಿಸಲೂ ಬೇಡಿ. ಆಯೋಜಕರಿಗೋ ಪೊಲೀಸರಿಗೋ ನಿಮ್ಮ ಹತ್ತಿರ ಅದು ಇದೆ ಅಂತ ತಿಳಿಸಿ, ತನಿಖೆಗೆ ಬೇಕಾದರೆ ಕೇಳಿ ಪಡೆಯುತ್ತಾರೆ. ಮತ್ತೆ, ಅಂದು ಒಬ್ಬರೇ ಗಾಡಿ ಓಡಿಸಿಕೊಂಡು ಮನೆಗೆ ಹೊರಡಬೇಡಿ. ಒಂದು ಗಂಟೆ ಕೂತು, ಏನಾದರೂ ತಿಂದು, ಜೊತೆ ಯಾರಾದರೂ ಸಿಕ್ಕರೆ ಅವರೊಂದಿಗೆ ಹೋಗಿ.

ಹಿಂದಿನಿಂದ ಬಂದ ರೈಡರ್

ಈ ಭಾಗ ಸ್ವಲ್ಪ ಉದ್ದ, ಯಾಕೆಂದರೆ ಅಭಿಮಾನಿಗಳು ಅತಿ ಹೆಚ್ಚು ಗಾಯ ಮಾಡುವುದು ಇಲ್ಲೇ.

ಇವತ್ತಿನ ಸರ್ಕ್ಯೂಟ್ ರೇಸಿಂಗ್‌ನಲ್ಲಿ ಬರೀ ಬೀಳುವುದರಿಂದ ಜೀವ ಹೋಗುವುದು ಕಡಿಮೆ. ಬಿದ್ದವರು ಜಾರಿಕೊಂಡು ಹೋಗಲು ಟ್ರ್ಯಾಕ್ ಹೊರಗೆ ಜಾಗ ಇದೆ, ಜಲ್ಲಿ ಹಾಸಿದ್ದಾರೆ, ಗಾಳಿ ತುಂಬಿದ ತಡೆಗೋಡೆಗಳಿವೆ. ಬೈಕ್ ರೇಸಿಂಗ್‌ನ ಅತಿ ದೊಡ್ಡ ವಿಶ್ವ ಸರಣಿಯಾದ ಮೋಟೊಜಿಪಿಯಲ್ಲಿ 2018ರಿಂದ ಸೂಟ್ ಒಳಗೆ ಏರ್‌ಬ್ಯಾಗ್ ಕಡ್ಡಾಯ. ಅಪಾಯ ಉಳಿದಿರುವುದು ಬಿದ್ದವರು ಟ್ರ್ಯಾಕ್ ಮೇಲೆಯೇ ಉಳಿದು, ಹಿಂದಿನಿಂದ ಬರುವ ಬೈಕ್ ತಗುಲಿದಾಗ. ಎಲ್ಲ ರೈಡರ್‌ಗಳೂ ಒತ್ತಾಗಿ ಹೋಗುವ ಮೊದಲ ಲ್ಯಾಪ್‌ಗಳಲ್ಲಿ ಮತ್ತು ಮೋಟೊ2, ಮೋಟೊ3ರಂಥ ಸಣ್ಣ ಬೈಕ್‌ಗಳ ವಿಭಾಗಗಳಲ್ಲಿ ಈ ಅಪಾಯ ಜಾಸ್ತಿ. ಸಿಮೊಂಚೆಲ್ಲಿ ಹೋದದ್ದು ಹೀಗೆ. ಶೋಯಾ ತೊಮಿಝಾವಾ, ಡುಪಾಸ್ಕಿಯೆ ಹೋದದ್ದೂ ಹೀಗೆ. 2021ರಲ್ಲೇ ಅರಾಗಾನ್‌ನಲ್ಲಿ 14 ವರ್ಷದ ಹ್ಯೂಗೊ ಮಿಲ್ಯಾನ್, ಹೆರೆಸ್‌ನಲ್ಲಿ 15 ವರ್ಷದ ಡೀನ್ ಬೆರ್ಟಾ ವಿನ್ಯಾಲೆಸ್ ಹೀಗೇ ಹೋದರು.

ಅಂದರೆ ಇಂಥ ಹೆಚ್ಚಿನ ಸಾವುಗಳಲ್ಲಿ ಇನ್ನೊಬ್ಬ ರೈಡರ್ ಇರುತ್ತಾರೆ, ಕೆಲವೊಮ್ಮೆ ಇಬ್ಬರು. ಅವರ ಹೆಸರು ಎಲ್ಲರಿಗೂ ಗೊತ್ತಿರುತ್ತದೆ, ದೃಶ್ಯದಲ್ಲೂ ಇರುತ್ತಾರೆ. ಗಂಟಲಲ್ಲಿ ಸಿಕ್ಕಿಕೊಂಡಿರುವ ಕೋಪ ಅವರ ಮೇಲೆ ಬೀಳುತ್ತದೆ.

ಒಂದು ಲೆಕ್ಕ ನೋಡಿ. ಗಂಟೆಗೆ 200 ಕಿ.ಮೀ. ವೇಗದಲ್ಲಿ ಹೋಗುವ ಬೈಕ್ ಒಂದು ಸೆಕೆಂಡಿಗೆ 55 ಮೀಟರ್ ದಾಟುತ್ತದೆ. ಮುಂದಿರುವವರಿಂದ ಅರ್ಧ ಸೆಕೆಂಡ್ ಹಿಂದೆ ಇರುವುದು ರೇಸ್‌ನಲ್ಲಿ ಮಾಮೂಲು. ಕಣ್ಣು ಕಂಡು, ಮೆದುಳು ಒಪ್ಪಿ, ಕೈ ಬ್ರೇಕ್ ಹಿಡಿಯುವಷ್ಟರಲ್ಲಿ ಆ ಅರ್ಧ ಸೆಕೆಂಡ್ ಮುಗಿದಿರುತ್ತದೆ. ತಿರುವಿನಲ್ಲಿ ಬೈಕ್ ಪೂರ್ತಿ ವಾಲಿರುವಾಗ ಗಟ್ಟಿಯಾಗಿ ಬ್ರೇಕ್ ಹಿಡಿದರೆ ಅವರೂ ಬೀಳುತ್ತಾರೆ. ಸೆಪಾಂಗ್‌ನಲ್ಲಿ ಸಿಮೊಂಚೆಲ್ಲಿ ಬೈಕ್ ಜಾರಿ ಹೊರಗೆ ಹೋಗಬೇಕಾದದ್ದು, ಟೈರ್‌ಗೆ ಮತ್ತೆ ಹಿಡಿತ ಸಿಕ್ಕಿ ಟ್ರ್ಯಾಕ್‌ಗೆ ಅಡ್ಡವಾಗಿ ಒಳಕ್ಕೆ ನುಗ್ಗಿತು. ಹಿಂದಿದ್ದವರು ಕಾಲಿನ್ ಎಡ್ವರ್ಡ್ಸ್ ಮತ್ತು ವ್ಯಾಲೆಂಟಿನೊ ರೋಸಿ. ರೋಸಿ ಸಿಮೊಂಚೆಲ್ಲಿಯ ಆಪ್ತ ಗೆಳೆಯ, ಜೊತೆಗೇ ಅಭ್ಯಾಸ ಮಾಡುತ್ತಿದ್ದವರು. 2010ರ ಸೆಪ್ಟೆಂಬರ್ 5ರಂದು ಮಿಸಾನೊದಲ್ಲಿ 19 ವರ್ಷದ ತೊಮಿಝಾವಾ ಬಿದ್ದಾಗ ಹಿಂದಿದ್ದವರು ಅಲೆಕ್ಸ್ ಡಿ ಆಂಜೆಲಿಸ್ ಮತ್ತು ಸ್ಕಾಟ್ ರೆಡ್ಡಿಂಗ್. ರೆಡ್ಡಿಂಗ್‌ಗೆ ಆಗ 17 ವರ್ಷ. ಇನ್ನೂ ಹುಡುಗ. ಅಂಥ ಹುಡುಗನ ಫೋನ್‌ಗೆ ಆ ರಾತ್ರಿ ನೀವಾದರೆ ಏನು ಬರೆಯುತ್ತೀರಿ?

ಉತ್ತರ ಹುಡುಕುವ ಕಷ್ಟ ಬೇಡ, ಏನೂ ಬರೆಯಬೇಡಿ. ಬೈಗುಳವಂತೂ ಬೇಡವೇ ಬೇಡ. "ಇದು ನಿಮ್ಮ ತಪ್ಪಲ್ಲ" ಅಂತ ಸಮಾಧಾನ ಬರೆಯುವುದೂ ಮೊದಲ ದಿನ ಬೇಡ. ಸಾವಿರ ಜನ "ತಪ್ಪಲ್ಲ" ಅಂದಾಗಲೂ ಕಿವಿಗೆ ಬೀಳುವುದು "ತಪ್ಪು" ಅನ್ನುವ ಮಾತೇ. ಕೆಲವು ವಾರಗಳ ನಂತರ ಅವರು ಮತ್ತೆ ಟ್ರ್ಯಾಕ್‌ಗೆ ಬಂದಾಗ ಚೆನ್ನಾಗಿ ಸ್ವಾಗತಿಸಿ. ನಿಮ್ಮ ಗುಂಪಿನಲ್ಲಿ ಯಾರಾದರೂ ಅವರ ಮೇಲೆ ಹರಿಹಾಯ್ದರೆ ಮಾತ್ರ ಸುಮ್ಮನಿರಬೇಡಿ. ಮೇಲಿನ ಲೆಕ್ಕವನ್ನು ನಿಧಾನವಾಗಿ ಹೇಳಿ.

ಮಾರ್ಷಲ್‌ಗಳು, ವೈದ್ಯರ ವಿಷಯವೂ ಇದೇ. "ಸ್ಟ್ರೆಚರ್ ಸರಿಯಾಗಿ ಎತ್ತಲಿಲ್ಲ, ಬಾವುಟ ತಡವಾಯಿತು" ಅನ್ನುವ ಪ್ರಶ್ನೆಗಳು ಕೆಲವೊಮ್ಮೆ ಸರಿಯಾದ ಪ್ರಶ್ನೆಗಳೇ ಆಗಿರುತ್ತವೆ. ಅವನ್ನು ತನಿಖೆ ಕೇಳಲಿ. ತನಿಖೆಯ ವರದಿ ಬಂದ ಮೇಲೂ ಉತ್ತರ ಸಿಗದಿದ್ದರೆ ಆಗ ನಾವೂ ಕೇಳೋಣ, ಸಂಸ್ಥೆಯನ್ನು ಕೇಳೋಣ. ಬಿಸಿಲಲ್ಲಿ ದಿನವಿಡೀ ನಿಂತು ಮೊದಲು ಓಡಿಹೋದ ಒಬ್ಬ ಸ್ವಯಂಸೇವಕರ ಮುಖವನ್ನು ಚಿತ್ರದಲ್ಲಿ ಸುತ್ತುಹಾಕಿ ತೋರಿಸುವುದು ಕ್ರೌರ್ಯ.

ಭೇಟಿಯೇ ಆಗದವರಿಗಾಗಿ ಅಳುವುದು

"ನಿನಗೇನು ಅವರು ಸಂಬಂಧಿಕರಾ?" ಅಂತ ಮನೆಯಲ್ಲಿ ಯಾರಾದರೂ ಕೇಳುತ್ತಾರೆ. ಸಂಬಂಧಿಕರಲ್ಲ, ನಿಜ. ಆದರೆ ನೀವು ಅವರನ್ನು ವರ್ಷಕ್ಕೆ ಹದಿನೆಂಟೋ ಇಪ್ಪತ್ತೋ ವಾರಾಂತ್ಯ ನೋಡಿದ್ದೀರಿ. ತಿರುವಿಗೆ ಬರುವಾಗ ಯಾವ ಕಾಲು ಕೆಳಗಿಳಿಸುತ್ತಾರೆ, ಗೆದ್ದರೆ ಹೇಗೆ ಕುಣಿಯುತ್ತಾರೆ, ಸೋತರೆ ಯಾರ ಹೆಗಲ ಮೇಲೆ ತಲೆ ಇಡುತ್ತಾರೆ ಅಂತ ನಿಮಗೆ ಗೊತ್ತು. ಹೆಲ್ಮೆಟ್ ಬಣ್ಣ ಬದಲಾದರೂ ಕೂರುವ ರೀತಿ ನೋಡಿಯೇ ಗುರುತು ಹಿಡಿಯುತ್ತೀರಿ. ಅಷ್ಟು ಹತ್ತಿರದಿಂದ ನೋಡಿದವರು ಇಲ್ಲವಾದಾಗ ಅಳು ಬರುವುದಕ್ಕೆ ಬೇರೆ ಕಾರಣ ಬೇಕಿಲ್ಲ. ಕೆಲಸಕ್ಕೆ ಹೋಗಲು ಆಗುತ್ತಿಲ್ಲ ಅನ್ನಿಸಿದರೆ ಒಂದು ದಿನ ರಜೆ ಹಾಕಿ, ಕಾರಣ ವಿವರಿಸುವ ಅಗತ್ಯ ಇಲ್ಲ.

ಕೆಲವರಿಗೆ ಅಳುವೇ ಬರುವುದಿಲ್ಲ. ಬದಲಿಗೆ ಕೋಪ ಬರುತ್ತದೆ, ಅಥವಾ ಏನೂ ಅನ್ನಿಸುವುದಿಲ್ಲ, ಮೂರು ವಾರದ ನಂತರ ಹಳೆಯ ಒಂದು ಸಂದರ್ಶನ ಕಣ್ಣಿಗೆ ಬಿದ್ದಾಗ ಇದ್ದಕ್ಕಿದ್ದಂತೆ ಒಡೆಯುತ್ತದೆ. ನೆಚ್ಚಿನ ರೈಡರ್‌ಗೆ ಎದುರಾಳಿಯಾಗಿದ್ದವರು ಹೋದಾಗ ಇನ್ನೊಂದು ತೊಡಕು ಇದೆ. ಹೋದ ತಿಂಗಳಷ್ಟೇ ಅವರನ್ನು ಬೈದಿರುತ್ತೀರಿ. ಆ ಬೈಗುಳ ನೆನಪಾಗಿ ಕಾಡುತ್ತದೆ. ಕ್ರೀಡೆಯಲ್ಲಿ ಒಬ್ಬರ ಪರ ನಿಲ್ಲುವುದು ಇನ್ನೊಬ್ಬರ ಸಾವು ಬಯಸಿದ ಹಾಗೆ ಆಗುವುದಿಲ್ಲ. ಬೇಕಾದರೆ ಆ ಹಳೆಯ ಬರಹ ಅಳಿಸಿ, ಅಷ್ಟು ಸಾಕು.

ಸಮಾಧಾನ ಹೇಳುವಾಗ ಎರಡು ಮಾತು ಬಿಡಿ. ಒಂದು, "ಅಪಾಯ ಗೊತ್ತಿದ್ದೇ ಬಂದಿದ್ದರು." ಗೊತ್ತಿತ್ತು, ಹೌದು. ಆದರೆ ಗೊತ್ತಿದ್ದ ಮಾತ್ರಕ್ಕೆ ಯಾರ ನೋವೂ ಕಡಿಮೆಯಾಗುವುದಿಲ್ಲ. 14-15 ವರ್ಷದ ಮಕ್ಕಳ ವಿಷಯದಲ್ಲಂತೂ ಆ ಮಾತಿಗೆ ಅರ್ಥವೇ ಇಲ್ಲ. ಇನ್ನೊಂದು, "ಪ್ರೀತಿಸಿದ ಕೆಲಸ ಮಾಡುತ್ತಲೇ ಹೋದರು." ಇದನ್ನು ತಾಯಿ ತಂದೆ ಹೇಳಬಹುದು, ಅವರಿಗೆ ಆ ಹಕ್ಕಿದೆ. ಹೊರಗಿನವರು ಅವರಿಗೆ ಹೇಳಬಾರದು.

ಏನು ಬರೆಯಬೇಕು ಹಾಗಾದರೆ? ಹೆಸರು ಬರೆಯಿರಿ, ನಿಮಗೆ ನೆನಪಿರುವ ಒಂದು ನಿರ್ದಿಷ್ಟ ಸಂಗತಿ ಬರೆಯಿರಿ. ತೊಮಿಝಾವಾ ಬಗ್ಗೆಯಾದರೆ "2010ರಲ್ಲಿ ಕತಾರ್‌ನಲ್ಲಿ ಮೋಟೊ2 ವಿಭಾಗದ ಮೊಟ್ಟಮೊದಲ ರೇಸ್ ಗೆದ್ದವರು ನೀವು, ಆ ರಾತ್ರಿ ನಾನು ಎದ್ದು ಕೂತಿದ್ದೆ" ಅನ್ನುವ ಥರ. ತಂಡದ ಖಾತೆಗೋ ತಂಡದ ವಿಳಾಸಕ್ಕೋ ಕಳಿಸಿ. ಹೆಂಡತಿಯ, ಅಣ್ಣತಮ್ಮಂದಿರ ಸ್ವಂತ ಖಾತೆ ಹುಡುಕಿ ಹೋಗಬೇಡಿ, ಅವರನ್ನು ಚಿತ್ರಗಳಿಗೆ ಟ್ಯಾಗ್ ಮಾಡಬೇಡಿ. ಚಿತ್ರ ಹಾಕುವುದಾದರೆ ನಗುತ್ತಿರುವ ಒಂದು ಚಿತ್ರ ಹಾಕಿ.

ರೇಸ್ ನಿಲ್ಲಿಸಬೇಕಿತ್ತಾ?

ಈ ಜಗಳ ಪ್ರತಿ ಸಲ ಬರುತ್ತದೆ. ಸೆಪಾಂಗ್ 2011ರಲ್ಲಿ ರೇಸ್ ರದ್ದಾಯಿತು. ಮುಜೆಲ್ಲೊ 2021ರಲ್ಲಿ ಡುಪಾಸ್ಕಿಯೆ ಹೋದ ಸುದ್ದಿ ಬಂದ ದಿನವೇ, ಒಂದು ನಿಮಿಷ ಮೌನ ಆಚರಿಸಿ, ಮೋಟೊಜಿಪಿ ರೇಸ್ ನಡೆಸಿದರು. ಬನ್ಯಾಯಾ, ಪೆಟ್ರುಚ್ಚಿ ಅವರಂಥ ರೈಡರ್‌ಗಳೇ ಅದು ಸರಿಯಲ್ಲ ಅಂತ ಬಹಿರಂಗವಾಗಿ ಹೇಳಿದರು. ನನಗೂ ಅದೇ ಅನ್ನಿಸುತ್ತದೆ. ಜೊತೆಗಾರ ಹೋದ ದಿನ 350 ಕಿ.ಮೀ. ವೇಗಕ್ಕೆ ಬೇಕಾದ ಏಕಾಗ್ರತೆಯನ್ನು ಯಾರಿಂದಲೂ ಕೇಳಬಾರದು. ಆದರೆ ಓಡಿಸಿದವರನ್ನು ಕಲ್ಲುಹೃದಯದವರು ಅನ್ನುವುದೂ ಸರಿಯಲ್ಲ. ಅವರಲ್ಲಿ ಎಷ್ಟೋ ಜನರಿಗೆ ಬೈಕ್ ಮೇಲೆ ಕೂತಿರುವ ಹೊತ್ತಷ್ಟೇ ತಲೆ ಖಾಲಿಯಾಗಿರುವ ಹೊತ್ತು.

ನೀವು ನೋಡಬೇಕಾ? ನೋಡಲು ಆಗದಿದ್ದರೆ ಟಿವಿ ಆರಿಸಿ. ನೋಡುತ್ತೀರಾದರೆ ನೋಡಿ, ಅದು ದ್ರೋಹವಲ್ಲ. ಒಬ್ಬೊಬ್ಬರಿಗೂ ಒಂದೊಂದು ಥರ, ಇದರಲ್ಲಿ ಬೇರೆಯವರ ತೀರ್ಪಿಗೆ ಜಾಗ ಇಲ್ಲ.

ಮುಂದಿನ ರೇಸ್, ಅಥವಾ ಇನ್ನು ಮುಂದೆ ರೇಸ್ ಬೇಡ ಅನ್ನುವುದು

ಮೊದಲ ರೇಸ್ ಕಷ್ಟ. ರೇಸ್ ಶುರುವಾಗುವ ಮುಂಚೆ ಬೈಕ್‌ಗಳು ಸಾಲಾಗಿ ನಿಲ್ಲುವ ಗ್ರಿಡ್‌ನಲ್ಲಿ ಒಂದು ಜಾಗ ಖಾಲಿ ಇರುತ್ತದೆ, ಅಥವಾ ಇನ್ನೂ ಕಷ್ಟ ಅಂದರೆ ಅಲ್ಲಿ ಬೇರೆ ಯಾರೋ ನಿಂತಿರುತ್ತಾರೆ. ಬದಲಿ ರೈಡರ್ ಮೇಲೆ ಸಿಟ್ಟಾಗಬೇಡಿ, ಆ ಬೈಕ್ ಹತ್ತುವುದು ಅವರಿಗೂ ಸುಲಭವಲ್ಲ. ಶುರುವಿನ ಎರಡು ಮೂರು ಲ್ಯಾಪ್ ನೋಡಲು ಎದೆ ಹೊಡೆದುಕೊಂಡರೆ, ತಡವಾಗಿ ಟಿವಿ ಹಾಕಿ. ಅಥವಾ ಫಲಿತಾಂಶ ಗೊತ್ತಾದ ಮೇಲೆ, ಎಲ್ಲರೂ ಕ್ಷೇಮವಾಗಿ ಮುಗಿಸಿದ್ದಾರೆ ಅಂತ ತಿಳಿದುಕೊಂಡು ನೋಡಿ. ಇದು ಬಹಳ ಜನರಿಗೆ ಕೆಲಸಕ್ಕೆ ಬರುತ್ತದೆ.

ಶ್ರದ್ಧಾಂಜಲಿ ಅಂದರೆ ಮೌನವೇ ಆಗಬೇಕೆಂದೂ ಇಲ್ಲ. ಸಿಮೊಂಚೆಲ್ಲಿ ಹೋದ ನಂತರದ ವೆಲೆನ್ಸಿಯಾ ರೇಸ್‌ನಲ್ಲಿ ಅವರ ತಂದೆ ಪಾವ್ಲೊ ಮೌನ ಬೇಡ, ಗದ್ದಲ ಮಾಡಿ ಅಂದರು. ಮಾಜಿ ವಿಶ್ವ ಚಾಂಪಿಯನ್ ಕೆವಿನ್ ಶ್ವಾಂಟ್ಜ್ ಸಿಮೊಂಚೆಲ್ಲಿಯ ಬೈಕ್ ಹತ್ತಿ ಮುಂದೆ ಹೋದರು, ಮೂರೂ ವಿಭಾಗಗಳ ರೈಡರ್‌ಗಳು ಹಿಂದೆ ಹೋದರು, ಎಂಜಿನ್ ಸದ್ದು, ಪಟಾಕಿ ಸದ್ದು. ಸದಾ ಗಲಾಟೆ ಮಾಡಿಕೊಂಡಿದ್ದ ಹುಡುಗನಿಗೆ ಅದು ಸರಿಯಾಗಿತ್ತು. ಮನೆಯವರು ಏನು ಬಯಸುತ್ತಾರೆ ಅಂತ ಮೊದಲು ತಿಳಿದುಕೊಳ್ಳಿ, ನಿಮ್ಮ ಗುಂಪಿನ ಕಾರ್ಯಕ್ರಮ ಅದಕ್ಕೆ ತಕ್ಕ ಹಾಗಿರಲಿ. ಪಾವ್ಲೊ ಆಮೇಲೆ ಮಗನ ಹೆಸರು ಮತ್ತು ಅವರ ಬೈಕಿನ 58ನೇ ಸಂಖ್ಯೆಯಲ್ಲಿ ಎಳೆಯ ರೈಡರ್‌ಗಳ ತಂಡ ಕಟ್ಟಿದರು. 2019ರಲ್ಲಿ ಮಿಸಾನೊದಲ್ಲಿ, ಮಗನ ಹೆಸರೇ ಇಟ್ಟಿರುವ ಸರ್ಕ್ಯೂಟ್‌ನಲ್ಲಿ, ಆ ತಂಡದ ತತ್ಸುಕಿ ಸುಜುಕಿ ಮೋಟೊ3 ರೇಸ್ ಗೆದ್ದರು.

ಇನ್ನು ರೇಸ್ ನೋಡುವುದೇ ಬೇಡ ಅಂತ ಬಿಡುವವರೂ ಇದ್ದಾರೆ. ಅವರನ್ನು ಹೇಡಿಗಳು ಅನ್ನಬೇಡಿ. ದೊಡ್ಡ ರೈಡರ್‌ಗಳೇ ಇಂಥ ತೀರ್ಮಾನ ಮಾಡಿದ್ದಾರೆ. 1972ರಲ್ಲಿ ಐಲ್ ಆಫ್ ಮ್ಯಾನ್ ಟಿಟಿಯಲ್ಲಿ ಗೆಳೆಯ ಜಿಲ್ಬರ್ಟೊ ಪಾರ್ಲೊಟ್ಟಿ ತೀರಿಕೊಂಡ ಮೇಲೆ ಜಾಕೊಮೊ ಅಗೋಸ್ಟಿನಿ ಆ ರಸ್ತೆಯಲ್ಲಿ ಇನ್ನು ರೇಸ್ ಮಾಡುವುದಿಲ್ಲ ಅಂದರು. ಬೇರೆ ರೈಡರ್‌ಗಳೂ ದೂರ ಉಳಿದರು, 1976ರ ನಂತರ ಟಿಟಿ ವಿಶ್ವ ಚಾಂಪಿಯನ್‌ಷಿಪ್‌ನಿಂದ ಹೊರಗೆ ಹೋಯಿತು. ಕಾಟೊ ಹೋದ ಮೇಲೆ ಸುಜುಕಾದಲ್ಲಿ ಮೋಟಾರ್‌ಸೈಕಲ್ ಗ್ರ್ಯಾನ್ ಪ್ರಿ (ವಿಶ್ವ ಚಾಂಪಿಯನ್‌ಷಿಪ್ ರೇಸ್) ನಡೆದಿಲ್ಲ. 2016ರ ಜೂನ್ 3ರಂದು ಲೂಯಿಸ್ ಸಲೋಮ್ ಬಾರ್ಸಿಲೋನಾದಲ್ಲಿ ಪ್ರಾಕ್ಟೀಸ್ ವೇಳೆ ಹೋದಾಗ ಮರುದಿನವೇ ಟ್ರ್ಯಾಕ್‌ನ ದಾರಿ ಬದಲಿಸಿದರು. 2021ರಲ್ಲಿ ಸಾಲಾಗಿ ಮಕ್ಕಳು ಹೋದ ಮೇಲೆ ಗ್ರ್ಯಾನ್ ಪ್ರಿ ವಿಭಾಗಗಳಿಗೆ ಸಾಮಾನ್ಯ ಕನಿಷ್ಠ ವಯಸ್ಸನ್ನು 2023ರಿಂದ 18ಕ್ಕೆ ಏರಿಸಿದರು. ಇವೆಲ್ಲ ಯಾರ ಜೀವವನ್ನೂ ವಾಪಸ್ ತರಲಿಲ್ಲ. ಆದರೂ ಒಂದು ಸಾವಿನ ನಂತರ ಏನು ಬದಲಾಯಿತು, ಏನು ಇನ್ನೂ ಬದಲಾಗಿಲ್ಲ ಅಂತ ತಿಳಿದುಕೊಂಡಿರುವ ಅಭಿಮಾನಿಗಳ ಪ್ರಶ್ನೆಗೆ ಆಯೋಜಕರು ಉತ್ತರ ಕೊಡಲೇಬೇಕಾಗುತ್ತದೆ. ಎಳೆಯರ ವಿಭಾಗಗಳಲ್ಲಿ ಒಂದೇ ಸಲಕ್ಕೆ ಎಷ್ಟು ಬೈಕ್ ಬಿಡುತ್ತಾರೆ ಅನ್ನುವುದನ್ನು ನಾವು ಬಿಡದೆ ಕೇಳಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ನಿಮ್ಮ ಸ್ವಂತ ಬೈಕ್

ಅಭಿಮಾನಿಗಳಲ್ಲಿ ಬಹಳ ಜನ ತಾವೂ ಬೈಕ್ ಓಡಿಸುತ್ತಾರೆ. ಸುದ್ದಿ ಬಂದ ರಾತ್ರಿ ಕೀಲಿ ತೆಗೆದುಕೊಂಡು ಹೊರಗೆ ಹೋಗಬೇಕು ಅನ್ನಿಸುವುದು ಸಾಮಾನ್ಯ. ಆ ರಾತ್ರಿ ಬೇಡ. ಕಣ್ಣೀರಿರುವ ಕಣ್ಣು, ನಿದ್ದೆಯಿಲ್ಲದ ಮೈ, ಹೆಲ್ಮೆಟ್ ಒಳಗೆ ಅದೇ ಯೋಚನೆ, ಇಷ್ಟಿದ್ದರೆ ರಸ್ತೆಯಲ್ಲಿ ತಪ್ಪಾಗಲು ಬೇರೇನೂ ಬೇಡ. ನೆನಪಿನ ರೈಡ್ ಮಾಡುವುದಾದರೆ ಒಂದು ವಾರ ಬಿಟ್ಟು, ಹಗಲಲ್ಲಿ, ಎಲ್ಲರೂ ಹೆಲ್ಮೆಟ್ ಹಾಕಿಕೊಂಡು, ಗುಂಪಿನಲ್ಲಿ ಅತಿ ಹೊಸಬರ ವೇಗಕ್ಕೆ ಎಲ್ಲರೂ ಹೋಗುವ ಹಾಗೆ ಮಾಡಿ. ಅವರ ಹೆಸರಿನಲ್ಲಿ ವೀಲಿ, ಅವರ ಸಂಖ್ಯೆಯ ವೇಗ ಮುಟ್ಟುವ ಪಂದ್ಯ, ಇಂಥವಕ್ಕೆ "ಬೇಡ" ಅನ್ನಲು ಒಬ್ಬರನ್ನು ಮೊದಲೇ ನೇಮಿಸಿಕೊಳ್ಳಿ.

ಮನೆಯಲ್ಲಿ ಮಕ್ಕಳಿದ್ದರೆ

ಮುಚ್ಚಿಡಬೇಡಿ, ಶಾಲೆಯಲ್ಲಿ ಹೇಗೂ ಗೊತ್ತಾಗುತ್ತದೆ. "ಬಿದ್ದರು, ತುಂಬಾ ಪೆಟ್ಟಾಯಿತು, ಡಾಕ್ಟರ್‌ಗಳು ಬಹಳ ಪ್ರಯತ್ನ ಮಾಡಿದರು, ಉಳಿಯಲಿಲ್ಲ, ತೀರಿಕೊಂಡರು" ಅಂತ ನೇರವಾಗಿ ಹೇಳಿ. "ಮಲಗಿದ್ದಾರೆ", "ದೂರ ಹೋದರು" ಅಂದರೆ ಸಣ್ಣ ಮಕ್ಕಳಿಗೆ ಮಲಗಲೇ ಭಯವಾಗಬಹುದು. ಅವರು ಕೇಳುವ ಮೊದಲ ಪ್ರಶ್ನೆ ಬಹುಶಃ ನಿಮ್ಮ ಬಗ್ಗೆಯೇ ಇರುತ್ತದೆ: ನೀವೂ ಬೈಕ್ ಓಡಿಸುತ್ತೀರಲ್ಲ? ಅದಕ್ಕೆ ಪೂರ್ತಿ ಉತ್ತರ ಕೊಡಿ. ರಸ್ತೆಗೂ ರೇಸ್‌ಗೂ ವ್ಯತ್ಯಾಸ ಏನು, ನೀವು ಏನೇನು ಎಚ್ಚರಿಕೆ ತೆಗೆದುಕೊಳ್ಳುತ್ತೀರಿ ಅಂತ. ರೈಡರ್ ಚಿತ್ರ ಬಿಡಿಸಿ ತಂಡಕ್ಕೆ ಕಳಿಸುತ್ತೇನೆ ಅಂದರೆ ಕಳಿಸಿಕೊಡಿ.

ಜಾಸ್ತಿ ದಿನ ಹಿಡಿದರೆ

ಕೆಲವು ವಾರಗಳಲ್ಲಿ ಊಟ, ನಿದ್ದೆ, ಕೆಲಸ ಸರಿಹೋಗಬೇಕು. ಒಂದು ತಿಂಗಳಾದರೂ ಆ ದೃಶ್ಯ ದಿನಾ ಬರುತ್ತಿದ್ದರೆ, ಎಂಜಿನ್ ಸದ್ದು ಕೇಳಿದರೆ ಮೈ ನಡುಗಿದರೆ, ಅಥವಾ ಬದುಕೇ ಬೇಡ ಅನ್ನಿಸಿದರೆ ಡಾಕ್ಟರ್ ಹತ್ತಿರ ಹೋಗಿ. ಕೊನೆಯದ್ದು ಅನ್ನಿಸಿದರೆ ಒಂದು ದಿನವೂ ಕಾಯಬೇಡಿ. ರಸ್ತೆ ಅಪಘಾತದಲ್ಲಿ ಮನೆಯವರನ್ನು ಕಳೆದುಕೊಂಡವರಿಗೆ ಟ್ರ್ಯಾಕ್‌ನ ಸಾವು ಆ ಹಳೆಯ ಗಾಯವನ್ನೇ ಮತ್ತೆ ತೆರೆಯುತ್ತದೆ. ನಿಮ್ಮ ಗುಂಪಿನಲ್ಲಿ ಅಂಥವರು ಇದ್ದರೆ ಮೊದಲ ದಿನವೇ ಅವರಿಗೆ ಕರೆ ಮಾಡಿ. ರೈಡರ್ ಬಗ್ಗೆ ಮಾತಾಡಬೇಕು ಅಂತೇನಿಲ್ಲ, ಊಟ ಆಯಿತಾ ಅಂತ ಕೇಳಿದರೂ ಸಾಕು.

ಏನಾದರೂ ಮಾಡಬೇಕು ಅನ್ನುವವರಿಗೆ

ಮನೆಯವರೋ ತಂಡವೋ ಒಂದು ನಿಧಿ ಹೆಸರಿಸಿದರೆ ಅದಕ್ಕೇ ಕೊಡಿ. ಗುರುತಿಲ್ಲದವರು ಶುರುಮಾಡಿದ ಸಂಗ್ರಹಕ್ಕೆ, ಅವರ ಸಂಖ್ಯೆ ಅಚ್ಚು ಹಾಕಿ ಮರುದಿನವೇ ಮಾರಾಟಕ್ಕೆ ಬರುವ ಅಂಗಿಗಳಿಗೆ ಹಣ ಕೊಡಬೇಡಿ. ಮನೆಯವರು ಏನೂ ಹೇಳದಿದ್ದರೆ ಮೋಟೊಜಿಪಿಯ ಅಧಿಕೃತ ದತ್ತಿಸಂಸ್ಥೆ ಟು ವೀಲ್ಸ್ ಫಾರ್ ಲೈಫ್ ಇದೆ, ಆಫ್ರಿಕಾದ ದೂರದ ಹಳ್ಳಿಗಳಿಗೆ ಬೈಕ್‌ಗಳ ಮೂಲಕ ಆರೋಗ್ಯಸೇವೆ ತಲುಪಿಸುವ ಕೆಲಸಕ್ಕೆ ಅದು ಹಣ ಕೂಡಿಸುತ್ತದೆ. ಪ್ರಥಮ ಚಿಕಿತ್ಸೆಯ ತರಬೇತಿ ಪಡೆಯಿರಿ. ಬಿದ್ದವರ ಹೆಲ್ಮೆಟ್ಟನ್ನು ಉಸಿರಾಟಕ್ಕೆ ತೊಂದರೆ ಇಲ್ಲದಿದ್ದರೆ ತೆಗೆಯಬಾರದು ಅನ್ನುವಂಥ ವಿಷಯಗಳನ್ನು ಅಲ್ಲಿ ಕೈಹಿಡಿದು ಕಲಿಸುತ್ತಾರೆ. ಹತ್ತಿರದ ಟ್ರ್ಯಾಕ್‌ಗೆ ಹೋಗಿ ಬರುವ ಅವಕಾಶ ಇದ್ದರೆ ಮಾರ್ಷಲ್ ಆಗಲು ಹೆಸರು ಕೊಡಿ. ಬಹಳಷ್ಟು ಕಡೆ ಈ ಕೆಲಸ ನಡೆಯುವುದು ಸ್ವಯಂಸೇವಕರಿಂದಲೇ. ಹೊಸಬರಿಗೆ ಬಾವುಟಗಳ ಅರ್ಥ, ಎಲ್ಲಿ ನಿಲ್ಲಬೇಕು, ಬಿದ್ದವರ ಕಡೆ ಯಾವಾಗ ಓಡಬೇಕು, ಯಾವಾಗ ಓಡಬಾರದು ಅಂತ ಹೇಳಿಕೊಟ್ಟು, ಅನುಭವಿಗಳ ಪಕ್ಕದಲ್ಲಿ ನಿಲ್ಲಿಸುತ್ತಾರೆ.